ಆಟಿಸಂ ಡಾಕ್ಟರ್ ಬ್ರ್ಯಾಡ್‌ಸ್ಟ್ರೀಟ್ ಅವರನ್ನು ಔಷಧ ಕಂಪನಿಗಳೇ ಕೊಲ್ಲಿಸಿದ್ದಾ?

ಹಾಗೆ ಹೇಳೋಕೆ ಪುರಾವೆ ಇಲ್ಲ. 2015ರ ಜೂನ್‌ನಲ್ಲಿ ಜೆಫ್ ಬ್ರ್ಯಾಡ್‌ಸ್ಟ್ರೀಟ್ ಅವರ ಶವ ಅಮೆರಿಕದ ನಾರ್ತ್ ಕ್ಯಾರೊಲಿನಾದ ನದಿಯೊಂದರಲ್ಲಿ ಸಿಕ್ಕಿತು. ಎದೆಗೆ ಗುಂಡೇಟು ಬಿದ್ದಿತ್ತು. ತನಿಖೆ ಮಾಡಿದ ಅಲ್ಲಿನ ಪೊಲೀಸರು ಆತ್ಮಹತ್ಯೆ ಎಂದರು.

ಅನುಮಾನ ಬಂದಿದ್ದು ಆ ಸಾವು ನಡೆದ ಹೊತ್ತಿನ ಕಾರಣಕ್ಕೆ. ಅವರು ಆಟಿಸಂ ಇರುವ ಮಕ್ಕಳಿಗೆ ಜಿಸಿಮ್ಯಾಫ್ ಎಂಬ, ರಕ್ತದ ಪ್ರೋಟೀನಿನಿಂದ ಮಾಡಿದ, ಮಾನ್ಯತೆಯಿಲ್ಲದ ಔಷಧ ಕೊಡುತ್ತಿದ್ದರು. ಸಾಯುವ ಕೆಲವೇ ದಿನ ಮುಂಚೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯವರು ಅವರ ಕ್ಲಿನಿಕ್ ಜಾಲಾಡಿದ್ದರು. ಮನೆಯವರಿಗೆ ಪೊಲೀಸರ ಮಾತು ಒಪ್ಪಿಗೆಯಾಗಲಿಲ್ಲ, ಬೇರೆ ತನಿಖೆಗೆಂದು ಹಣ ಕೂಡಿಸಿದರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ದಾಳಿ ನಡೆದದ್ದೇ ಕೊಲೆಗೆ ಸಾಕ್ಷಿ ಆಗಲ್ಲ. ಮನುಷ್ಯ ಕುಗ್ಗಿಹೋಗೋಕೂ ಅದೇ ಕಾರಣ ಆಗಬಹುದು, ಅಲ್ವಾ?

ಇನ್ನು ನಿಮ್ಮ ಜಯನಗರದ ಅಪಾರ್ಟ್‌ಮೆಂಟ್ ಗ್ರೂಪಿಗೆ ಬಂದಿರುವ, ಇವರನ್ನೆಲ್ಲ ಕೊಲ್ಲಿಸಿದ್ದಾರೆ ಎನ್ನುವ ‘ಸಾಲಾಗಿ ಸತ್ತ ಪರ್ಯಾಯ ವೈದ್ಯರ ಪಟ್ಟಿ’ಯ ವಿಷಯ. ಒಂದು ವರ್ಷ ಪೇಪರಿನ ನಿಧನ ವಾರ್ತೆಯಿಂದ ಬ್ಯಾಂಕಿನವರನ್ನು ಮಾತ್ರ ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿ ನೋಡಿ. ಬೆಂಗಳೂರಿನ ಬ್ಯಾಂಕಿನವರನ್ನು ಯಾರೋ ಒಬ್ಬೊಬ್ಬರಾಗಿ ಮುಗಿಸ್ತಿದ್ದಾರೆ ಅನ್ನಿಸಿಬಿಡುತ್ತದೆ! ಅಮೆರಿಕದಲ್ಲಿ ಡಾಕ್ಟರ್‌ಗಳೇ ಎಂಟು ಲಕ್ಷಕ್ಕೂ ಜಾಸ್ತಿ ಇದ್ದಾರೆ, ಪರ್ಯಾಯ ವೈದ್ಯರು ಬೇರೆ. ಪ್ರತಿ ವರ್ಷ ಅವರಲ್ಲಿ ಹಲವರು ಸಾಯುತ್ತಾರೆ. ಹೃದಯಾಘಾತ, ಅಪಘಾತ ಎಲ್ಲವನ್ನೂ ಆ ಪಟ್ಟಿಗೆ ಸುಮ್ನೆ ತುಂಬಿಸಿದ್ದಾರೆ.