ಸಂಪಾದಕರ ಉತ್ತರ: ದೆವ್ವ ಮಸುಕಾಗಿಯೇ ಇರಲಿ

‘ದಿ ಕಂಜೂರಿಂಗ್ 2’ ಎಂಬ ಇಂಗ್ಲಿಷ್ ದೆವ್ವದ ಚಿತ್ರ ನೋಡಿ ನೀವು ಬರೆದ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಸತ್ಯಕತೆ ಎಂದು ಹೇಳಿಕೊಳ್ಳುವ ಈ ಚಿತ್ರದಲ್ಲಿ ಸತ್ಯ ಎಷ್ಟು? ದೆವ್ವಗಳ ಬೆನ್ನುಹತ್ತುವ ಎಡ್ ವಾರನ್ ಮುದುಕನ ದೆವ್ವವನ್ನು ಮಾತಾಡಿಸುವ ದೃಶ್ಯದಲ್ಲಿ ಏನೂ ಸರಿಯಾಗಿ ಕಾಣದಿದ್ದರೂ ಮೈ ಜುಮ್ಮೆನ್ನುವುದೇಕೆ, ಅದನ್ನು ನಿಮ್ಮ ಕಿರುಚಿತ್ರದಲ್ಲಿ ಮಾಡಬಹುದೇ?

ಮೊದಲನೆಯದಕ್ಕೆ ಚುಟುಕಾಗಿ ಉತ್ತರಿಸುತ್ತೇವೆ. ಲಂಡನ್ನಿನ ಎನ್‌ಫೀಲ್ಡ್‌ನ ಮನೆಯೊಂದರಲ್ಲಿ 1977ರ ಆಗಸ್ಟ್ ಕೊನೆಗೆ ದೆವ್ವದ್ದೆಂದು ಹೇಳಲಾದ ಗಲಾಟೆ ಶುರುವಾದದ್ದು, ಕುರ್ಚಿ ತಾನಾಗಿ ಸರಿಯಿತೆಂದು ಮಹಿಳಾ ಪೊಲೀಸ್ ಒಬ್ಬರು ಬರೆದುಕೊಟ್ಟದ್ದು ದಾಖಲಾಗಿರುವ ಸಂಗತಿ. ಆದರೆ ತಿಂಗಳುಗಟ್ಟಲೆ ಅಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕೂತವರು, ಇಂಥ ಅತೀಂದ್ರಿಯ ಸಂಗತಿಗಳನ್ನು ಅಧ್ಯಯನ ಮಾಡುವ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್‌ನ ಮಾರಿಸ್ ಗ್ರಾಸ್ ಮತ್ತು ಗೈ ಲಯನ್ ಪ್ಲೇಫೇರ್. ಚಿತ್ರದ ನಾಯಕರಾದ ವಾರನ್ ದಂಪತಿಯದು (ಎಡ್ ಮತ್ತು ಅವರ ಹೆಂಡತಿ) ಬಂದುಹೋದಷ್ಟೇ ಪಾತ್ರ. ಅದೇ ಸಂಸ್ಥೆಯ ಅನಿತಾ ಗ್ರೆಗರಿ ಇದೆಲ್ಲ ಆ ಮನೆಯ ಮಕ್ಕಳ ಆಟವೆಂದು ಶಂಕಿಸಿದ್ದರು. ಕೆಲವನ್ನು ತಾವೇ ಮಾಡಿದ್ದೆಂದು ಮಕ್ಕಳೂ ಮುಂದೆ ಒಪ್ಪಿಕೊಂಡರು. ಇನ್ನು ಚಿತ್ರದಲ್ಲಿ ಬರುವ ಸನ್ಯಾಸಿನಿ ದೆವ್ವಕ್ಕೂ ಎನ್‌ಫೀಲ್ಡ್‌ಗೂ ಸಂಬಂಧವೇ ಇಲ್ಲ. ಮೊದಲು ಚಿತ್ರೀಕರಿಸಿದ್ದು ಕೊಂಬಿನ ದೆವ್ವವನ್ನು. ಅದನ್ನು ತೆಗೆದು, ಮರುಚಿತ್ರೀಕರಣದಲ್ಲಿ ಇವಳನ್ನು ತಂದರು.

ಈಗ ಆ ದೃಶ್ಯಕ್ಕೆ ಬರೋಣ. ದೆವ್ವ ಹಿಡಿದ ಹುಡುಗಿ ಜಾನೆಟ್ ಬಾಯಲ್ಲಿ ನೀರು ತುಂಬಿಕೊಂಡಿದ್ದಾಳೆ. ಎಲ್ಲರೂ ಬೆನ್ನು ತಿರುಗಿಸಿದರೆ ಮಾತ್ರ ದೆವ್ವ ಮಾತಾಡುತ್ತದೆ. ಕ್ಯಾಮೆರಾ ಎಡ್‌ನ ಮುಖ ಹಿಡಿದು ನಿಲ್ಲುತ್ತದೆ. ಹಿಂದೆ ಕುರ್ಚಿಯಲ್ಲಿರುವವಳು ಫೋಕಸ್‌ನಲ್ಲಿಲ್ಲ. ನಿಮಿಷಗಟ್ಟಲೆ ಕಟ್ ಇಲ್ಲ. ಆ ಮಸುಕು ಆಕೃತಿ ಯಾವಾಗ ಮುದುಕನದಾಯಿತೋ ಗೊತ್ತೇ ಆಗುವುದಿಲ್ಲ. ಎಡ್ ತಿರುಗುವಂತಿಲ್ಲ, ಹಾಗಾಗಿ ಕಾವಲು ನಮ್ಮ ಪಾಲಿಗೆ ಬರುತ್ತದೆ. ನೀರಿನ ಉಪಾಯವನ್ನು ಬಿಟ್ಟುಬಿಡಬೇಡಿ: ಹುಡುಗಿಯೇ ದನಿ ಬದಲಿಸುತ್ತಿದ್ದಾಳೆ ಎಂಬ ಅನುಮಾನವನ್ನು ಮೊದಲೇ ಮುಚ್ಚುವುದು ಅದೇ. ಎನ್‌ಫೀಲ್ಡ್‌ನಲ್ಲೂ ಆ ಪರೀಕ್ಷೆ ಮಾಡಿದ್ದರು.

ಇದನ್ನು ಮೊಬೈಲ್‌ನಲ್ಲಿ ತೆಗೆಯಲು ಹೋಗಬೇಡಿ. ಪುಟ್ಟ ಲೆನ್ಸ್‌ಗೆ ಹಿಂದಿನದೂ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಬೀಳುತ್ತದೆ. ಪೋರ್ಟ್ರೇಟ್ ಮೋಡ್ ಕೂದಲು, ಕುರ್ಚಿಯ ಅಂಚುಗಳನ್ನು ಕಚ್ಚಿ ತಿನ್ನುತ್ತದೆ. ಎಪಿಎಸ್-ಸಿ (ಮೊಬೈಲಿಗಿಂತ ದೊಡ್ಡ ಸೆನ್ಸರಿನ) ಕ್ಯಾಮೆರಾ, 50 ಎಂಎಂ ಲೆನ್ಸ್ ಒಂದು ದಿನದ ಬಾಡಿಗೆಗೆ ತನ್ನಿ. ಅಪರ್ಚರ್ (ಲೆನ್ಸಿನ ಕಿಂಡಿ; ಅಂಕೆ ಚಿಕ್ಕದಾದಷ್ಟೂ ಹಿಂದಿನದು ಮಸುಕು) ಎಫ್/1.8, ನಟ 4 ಅಡಿಯಲ್ಲಿ, ಕುರ್ಚಿ ಕ್ಯಾಮೆರಾದಿಂದ 13 ಅಡಿಯಲ್ಲಿ. ಆಗ ಕಣ್ಣು, ಬಾಯಿ ಅಳಿಸಿಹೋಗಿ ತಲೆ-ಭುಜದ ಆಕಾರ ಉಳಿಯುತ್ತದೆ. ಎಫ್/5.6ಕ್ಕೆ ಏರಿಸಿದರೆ ಮುಖ ಗುರುತು ಸಿಗುತ್ತದೆ, ಕುರ್ಚಿಯನ್ನು 20 ಅಡಿಗೆ ತಳ್ಳಿದರೆ ಬರೀ ಮುದ್ದೆ. ಆಟೋಫೋಕಸ್ ಬಂದ್ ಮಾಡಿ. ನಟ ಕೊಂಚ ಮುಖ ತಿರುಗಿಸಿದರೂ ಅದು ಹಿಂದಿನ ಮುಖಕ್ಕೆ ಜಿಗಿದೀತು. ಎಫ್/1.8ರಲ್ಲಿ, 4 ಅಡಿ ದೂರಕ್ಕೆ, ಫೋಕಸ್‌ನ ಆಳ (ಚಿತ್ರ ಸ್ಪಷ್ಟವಾಗಿರುವ ಅಂತರ) ಒಂದೂವರೆ ಇಂಚಿನಷ್ಟೇ. ಹಾಗಾಗಿ ನಟ ಹಿಂದೆಮುಂದೆ ವಾಲದಂತೆ ಅವನ ಬೆನ್ನು ಅವನದೇ ಕುರ್ಚಿಗೆ ಒರಗಿರಲಿ.

ಹುಡುಗಿಯ ಜಾಗಕ್ಕೆ ಮುದುಕನನ್ನು ತರಲು ಗ್ರಾಫಿಕ್ಸ್ ಬೇಡ. ಟ್ರೈಪಾಡ್ ಕದಲಿಸದೆ ಎರಡು ಟೇಕ್ ತೆಗೆಯಿರಿ: ಒಂದರಲ್ಲಿ ಹುಡುಗಿ, ಇನ್ನೊಂದರಲ್ಲಿ ಅದೇ ಕುರ್ಚಿಯಲ್ಲಿ ಮುದುಕ. ನಟ ಫ್ರೇಮ್‌ನ ಎಡಕ್ಕೆ, ಕುರ್ಚಿ ಬಲಕ್ಕೆ. ಎಡಿಟಿಂಗ್‌ನಲ್ಲಿ ಬಲಭಾಗಕ್ಕೆ ಮಾತ್ರ 30 ಸೆಕೆಂಡಿನ ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು) ಹಾಕಿ. ಕೆಡುವುದು ಎಲ್ಲಿ ಎಂದರೆ, ನಟನ ಕೈ ಎಡ-ಬಲ ಭಾಗಗಳ ನಡುವಿನ ಗೆರೆ ದಾಟಿದಾಗ, ಕಿಟಕಿಯ ಬೆಳಕು ನಡುವೆ ಬದಲಾದಾಗ, ಫ್ಯಾನ್‌ಗೆ ಪರದೆ ಅಲುಗಾಡಿದಾಗ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಶಟರ್ 1/50 ಸೆಕೆಂಡಿಗೆ ಇಡಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಮಿನುಗೀತು. ಕೋಣೆಯನ್ನು ಕಗ್ಗತ್ತಲು ಮಾಡಬೇಡಿ. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಹಿಡಿಯುವ ಸೂಕ್ಷ್ಮತೆ) ಏರಿಸಿದಷ್ಟೂ ಕಾಳು ಕಾಳು ಚಿತ್ರ ಬರುತ್ತದೆ. ಅದರ ಬದಲು ಕುರ್ಚಿಯ ಹಿಂದಿನ ಗೋಡೆಗೆ ಸಣ್ಣ ದೀಪ ಬಿಟ್ಟರೆ ಆಕೃತಿಯ ಅಂಚು ಬಿಡಿಸಿಕೊಳ್ಳುತ್ತದೆ.

ಇದೇ ಚಿತ್ರದ ‘ಕ್ರುಕೆಡ್ ಮ್ಯಾನ್’ ಎಂಬ ದೆವ್ವ ನಿಮಗೆ ಇಷ್ಟವಾಗಿದೆ ಎಂದಿದ್ದೀರಿ, ನಮಗೆ ಆಗಲಿಲ್ಲ. ವೇಷದೊಳಗಿರುವುದು ಹಾವಿಯೆರ್ ಬೋಟೆಟ್ ಎಂಬ ನಿಜವಾದ ನಟ. ಆದರೂ ನಡಿಗೆಯನ್ನು ಅತಿಯಾಗಿ ಎಗರಿಸಿ ಕಂಪ್ಯೂಟರ್ ಬೊಂಬೆ ಅನ್ನಿಸುವ ಹಾಗೆ ಮಾಡಿದ್ದಾರೆ. ನಿಮ್ಮ ಮುದುಕ ಸುಮ್ಮನೆ ಕೂತರೆ ಸಾಕು.

ದನಿಗೆ ಹುಡುಗಿಯ ಮಾತನ್ನೇ ಪಿಚ್ ಇಳಿಸುವುದಕ್ಕಿಂತ, ವಯಸ್ಸಾದವರೊಬ್ಬರಿಂದ ಮೈಕ್‌ಗೆ ಹತ್ತಿರದಲ್ಲಿ ಗೊಗ್ಗರು ದನಿಯಲ್ಲಿ ಹೇಳಿಸಿ. ಹಿನ್ನೆಲೆ ಸಂಗೀತ ಬೇಡ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಅದೇ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವಿನ ಬಿಡುವುಗಳಿಗೆ ಅದನ್ನು ಹಾಸದಿದ್ದರೆ ಸ್ಪೀಕರ್ ಕೆಟ್ಟಿತೇನೋ ಎಂದು ನೋಡುವವರು ರಿಮೋಟ್ ಹುಡುಕುತ್ತಾರೆ.

-ಸಂ.