ಕೆರೆಗೆ ಹರಿಯುವ ಕೊಳಚೆಗೆ ಯಾರನ್ನು ಕೇಳಬೇಕು?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: 'ನಮ್ಮ ಬೀದಿಯ ದೀಪ ಉರಿಯುತ್ತಿಲ್ಲ. ಊರ ನಡುವಿನ ಕೆರೆಗೆ ಬಚ್ಚಲ ನೀರು ಸೇರುತ್ತಿದೆ. ಸದಸ್ಯರು ಇಂಜಿನಿಯರರನ್ನು ತೋರಿಸುತ್ತಾರೆ, ಇಂಜಿನಿಯರರು ಬೇರೆ ಇಲಾಖೆಯನ್ನು ತೋರಿಸುತ್ತಾರೆ. ಹಳ್ಳಿಯಲ್ಲಿರುವ ನನ್ನ ತಮ್ಮನಿಗೆ ಗ್ರಾಮಸಭೆಯಾದರೂ ಇದೆ, ನಮಗೇನಿದೆ? ಊರಿನ ಹೆಸರು ಹಾಕಬೇಡಿ.'

ಮಾನ್ಯರೇ,

ಹೆಸರು ಹಾಕಿಲ್ಲ. ಮಲೆನಾಡಿನ ಕೆರೆದಂಡೆಯ ಊರುಗಳಲ್ಲಿ ಇರುವವರಿಗೆಲ್ಲ ಇದು ತಮ್ಮದೇ ಪತ್ರ ಅನ್ನಿಸೀತು.

ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ತಮ್ಮನ ಪಂಚಾಯಿತಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ಅಲ್ಲಿ ಅಧ್ಯಕ್ಷರ ಎದುರಿಗೇ ನಿಂತು 'ಆ ಮೋರಿ ಏನಾಯಿತು' ಎಂದು ಕೇಳಬಹುದು. ಇನ್ನು ದೊಡ್ಡ ನಗರಗಳ ಮಾತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಹೇಳಿತು. 2011ರ ಜನಗಣತಿಯ ಹೊತ್ತಿಗೆ ಶಿವಮೊಗ್ಗ ಆ ಗೆರೆ ದಾಟಿತ್ತು. ನಿಮ್ಮಂಥ ಊರು ಹಳ್ಳಿಯೂ ಅಲ್ಲ, ಆ ಲೆಕ್ಕದ ನಗರವೂ ಅಲ್ಲ. ತೆರಿಗೆ ಕಟ್ಟುವುದರಲ್ಲಿ ಪೂರ್ಣ ನಗರವಾಸಿ, ಪ್ರಶ್ನೆ ಕೇಳುವುದಕ್ಕೆ ಮಾತ್ರ ಜಾಗವಿಲ್ಲ. ಇದು ಅನ್ಯಾಯ. ಅಧಿಕಾರಿಗಳ ಸೋಮಾರಿತನಕ್ಕಿಂತ ದೊಡ್ಡ ಅನ್ಯಾಯ ಎಂದೇ ನಾನು ನಂಬಿದ್ದೇನೆ.

ಇದರ ಜೊತೆಗೆ ಇನ್ನೊಂದು ಕೊರತೆ. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿತು. ಅಲ್ಲಿ ಗೆದ್ದ ಸದಸ್ಯರು ಎರಡು ವರ್ಷ ಅಧಿಕಾರವಿಲ್ಲದೆ ಕುಳಿತರು, 2020ರ ಕೊನೆಯವರೆಗೂ ಆಡಳಿತಾಧಿಕಾರಿಗಳೇ ನಡೆಸಿದರು. ಆಡಳಿತಾಧಿಕಾರಿ ಎಷ್ಟೇ ದಕ್ಷರಿರಲಿ, ಮತ ಕೇಳಲು ಅವರು ನಿಮ್ಮ ಮನೆ ಬಾಗಿಲಿಗೆ ಬರಬೇಕಾಗಿಲ್ಲ.

ದೀಪದ ವಿಷಯ ಸರಳ. ಕಂಬ ಮತ್ತು ತಂತಿ ವಿದ್ಯುತ್ ಕಂಪನಿಯದು, ದೀಪ ನಗರಸಭೆಯದು. ಕಂಬದ ಸಂಖ್ಯೆ ಬರೆದು ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.

ಕೆರೆಯದು ಹಾಗಲ್ಲ. ಒಳಚರಂಡಿಯ ಕೊಳವೆ ಹಾಕುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಾಮಗಾರಿ ಮುಗಿದ ಮೇಲೆ ನಿರ್ವಹಣೆ ನಗರಸಭೆಯದು. ಕೊಳವೆ ರಸ್ತೆಯಲ್ಲಿ ಹಾದುಹೋದರೆ ಸಾಲದು, ಪ್ರತಿ ಮನೆಯ ಬಚ್ಚಲು ಅದಕ್ಕೆ ಸೇರಬೇಕು. ಸೇರದ ಮನೆಗಳ ನೀರು ಮಳೆನೀರಿನ ಚರಂಡಿಗೆ ಇಳಿಯುತ್ತದೆ, ಚರಂಡಿ ತಗ್ಗಿನಲ್ಲಿರುವ ಕೆರೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಕೋಡಿ ಬಿದ್ದು ಹೊಲಸು ಕೊಚ್ಚಿಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮಾರ್ಚ್ ಹೊತ್ತಿಗೆ ನೀರು ಹಸಿರುಗಟ್ಟಿ ನಾರತೊಡಗಿದಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತೇವೆ. ಆಗ ದಂಡೆಗೆ ಬೇಲಿ, ಬೆಂಚು, ಬಣ್ಣದ ದೀಪಗಳಿಗೆ ಹಣ ಬರುತ್ತದೆ. ದಯವಿಟ್ಟು ಅದನ್ನು ಅಭಿವೃದ್ಧಿ ಎಂದು ಒಪ್ಪಬೇಡಿ. ಕೆಳದಿ ಅರಸರ ಕಾಲದಿಂದ ಬಂದ ಕೆರೆಗಳು ನಮ್ಮ ಜಿಲ್ಲೆಯಲ್ಲಿವೆ. ಅವು ಉಳಿದದ್ದು ಬೆಂಚುಗಳಿಂದಲ್ಲ, ನೀರು ಬರುವ ಕಾಲುವೆಯನ್ನು ಊರವರು ಚೊಕ್ಕಟವಾಗಿ ಇಟ್ಟುಕೊಂಡದ್ದರಿಂದ.

ಆದ್ದರಿಂದ 'ಕೆರೆ ಸ್ವಚ್ಛಗೊಳಿಸಿ' ಎಂದು ಬರೆಯಬೇಡಿ, ಅದಕ್ಕೆ 'ಕ್ರಮ ಕೈಗೊಳ್ಳಲಾಗುವುದು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ವಾರ್ಡಿನಲ್ಲಿ ಒಳಚರಂಡಿಗೆ ಸಂಪರ್ಕ ಪಡೆದ ಮನೆಗಳೆಷ್ಟು, ಪಡೆಯದವು ಎಷ್ಟು, ಕೆರೆಗೆ ಸೇರುವ ಚರಂಡಿಗಳು ಯಾವುವು ಎಂದು ಕೇಳಿ. ಮೂವತ್ತು ದಿನದೊಳಗೆ ಉತ್ತರಿಸಬೇಕು, ಬಾರದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಆ ಅಂಕಿಗಳನ್ನು ಹಿಡಿದು ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಆ ಸಭೆಗಳಲ್ಲಿ ಕುರ್ಚಿಗಳು ಖಾಲಿ ಇರುವುದನ್ನು ನೋಡಿ ನನಗೆ ಸಂಕಟವಾಗಿದೆ. ನೆರೆಯವರನ್ನೂ ಕರೆದುಕೊಂಡು ಹೋಗಿ, ಸಂಪರ್ಕವಿಲ್ಲದ ಮನೆಗಳಿಗೆ ಮೊದಲು ಹಣ ಇಡಿ ಎಂದು ಕೇಳಿ. ನಿಮ್ಮ ಸದಸ್ಯರು ವರ್ಷಕ್ಕೆರಡು ಬಾರಿ ವಾರ್ಡಿನ ಸಭೆ ಕರೆಯಲಿ ಎಂದೂ ಕೇಳಿ. ಸಂವಿಧಾನ ಕಡ್ಡಾಯ ಮಾಡಿಲ್ಲದಿರಬಹುದು, ಬೇಡವೆಂದೂ ಹೇಳಿಲ್ಲ.

ನಗರಸಭೆಯಿಂದ ಬರುವ ಉತ್ತರದ ಪ್ರತಿಯನ್ನು ನಮಗೆ ಕಳುಹಿಸಿ. ನಿಮ್ಮ ಹೆಸರಿಲ್ಲದೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ