ಮಗನ ಹತ್ತಿರ ಇದನ್ನೆಲ್ಲ ಮಾತಾಡಬೇಕಾ?

ಪ್ರಶ್ನೆ: ಮಗ ಈ ವರ್ಷ ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಸೇರಿದ್ದಾನೆ. ಹತ್ತನೆಯವರೆಗೆ ಕನ್ನಡ ಮೀಡಿಯಂ. ಗಂಡ ದುಬೈಯಲ್ಲಿದ್ದಾರೆ. ಮಗ ಈಗ ಮನೆಗೆ ಬಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಾನೆ, ಊಟವೂ ಸರಿ ಇಲ್ಲ. ಅವನ ವಾಟ್ಸಾಪ್ ಗ್ರೂಪಿನಲ್ಲಿ ಕೆಟ್ಟ ವಿಡಿಯೋ ನೋಡಿ ಗಾಬರಿಯಾಯಿತು. ಮಾತಾಡೋಣ ಅಂದರೆ ಅತ್ತೆ, "ಹೇಳಿಕೊಟ್ಟರೆ ಇನ್ನೂ ಹಾಳಾಗ್ತಾನೆ" ಅನ್ನುತ್ತಾರೆ. ಅಮೆರಿಕದ ಕಪ್ಪು ಜನರ ಮನೆಗಳಲ್ಲಿ ಈ ವಿಷಯ ತುಂಬ ಅಧ್ಯಯನ ಆಗಿದೆಯಂತೆ. ಅದರಿಂದ ನಮಗೇನಾದರೂ ತಿಳಿಯುತ್ತದಾ?
– ಓದುಗರು, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಮಾತಾಡಿ. ಇವತ್ತೇ ಆದರೂ ಸರಿ.

ನೀವು ಓದಿದ್ದು ನಿಜ. ಅಮೆರಿಕದ ಜಾರ್ಜಿಯಾ ರಾಜ್ಯದ ಹಳ್ಳಿಗಳಲ್ಲಿ ಸಂಶೋಧಕರಾದ ಜೀನ್ ಬ್ರಾಡಿ, ವೆಲ್ಮಾ ಮರ್ರಿ ಮತ್ತು ಜೊತೆಯವರು ಕಪ್ಪು ಜನರ ಮನೆಗಳಿಗಾಗಿ 'ಸ್ಟ್ರಾಂಗ್ ಆಫ್ರಿಕನ್ ಅಮೆರಿಕನ್ ಫ್ಯಾಮಿಲೀಸ್' ಅಂತ ಒಂದು ಕಾರ್ಯಕ್ರಮ ನಡೆಸಿದರು. 11 ವರ್ಷದ ಮಕ್ಕಳು, ಅವರ ಹೆತ್ತವರು, ವಾರಕ್ಕೊಂದರಂತೆ 7 ಕೂಟ. ಮೊದಲು ಮಕ್ಕಳು ಬೇರೆ, ದೊಡ್ಡವರು ಬೇರೆ, ಆಮೇಲೆ ಎಲ್ಲರೂ ಒಟ್ಟಿಗೆ. ಮಗು ಎಲ್ಲಿದೆ, ಯಾರ ಜೊತೆ ಇದೆ ಅಂತ ತಿಳಿದಿರುವುದು, ಪ್ರೀತಿ ತೋರಿಸುವುದು, ಲೈಂಗಿಕ ವಿಷಯವನ್ನು ನೇರವಾಗಿ ಹೇಳುವುದು, ಬಣ್ಣದ ಕಾರಣಕ್ಕೆ ಅವಮಾನವಾದರೆ ತಲೆ ಎತ್ತಿ ನಿಲ್ಲಲು ಕಲಿಸುವುದು – ಇಷ್ಟೇ ಪಾಠ. ಈ ಮನೆಗಳ ಮಕ್ಕಳು ಕುಡಿತಕ್ಕೂ ಲೈಂಗಿಕ ಸಂಬಂಧಕ್ಕೂ ಬೇಗ ಇಳಿಯುವುದು ಕಡಿಮೆಯಾಯಿತು. ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅಲ್ಲಿಯೂ ಎಷ್ಟೋ ಮಕ್ಕಳನ್ನು ಅಜ್ಜಿಯರೇ ಸಾಕುತ್ತಾರೆ.

ಬಣ್ಣದ ಹೆಸರಲ್ಲಿ ಆ ಮಕ್ಕಳು ಪಡುವ ನೋವು ಅವರದ್ದೇ, ಅದನ್ನು ನಮ್ಮದಕ್ಕೆ ಹೋಲಿಸುವುದು ತಪ್ಪು. ಆದರೆ ಒಂದು ಮಾತು ಕೇಳಿ. ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗ ಒಮ್ಮೆಲೇ ಎಲ್ಲರೂ ಮಲಯಾಳದಲ್ಲಿ ಮಾತಾಡುವ, ಪಾಠ ಇಂಗ್ಲಿಷಿನಲ್ಲಿ ನಡೆಯುವ ಕ್ಲಾಸಿನಲ್ಲಿ ಕೂತರೆ, ಉಚ್ಚಾರಣೆ ತಪ್ಪಿದ್ದಕ್ಕೆ ಯಾರಾದರೂ ನಕ್ಕರೆ, ಸಂಜೆ ಬಾಗಿಲು ಹಾಕಿಕೊಳ್ಳುವುದು ಸಹಜ ಅಲ್ವಾ? ಆ ಗ್ರೂಪಿನಲ್ಲಿ ಉಳಿಯಲು ಅವನು ಏನನ್ನೂ ನೋಡಿಯಾನು. ಹಾಗಾಗಿ ವಿಡಿಯೋದಿಂದ ಶುರು ಮಾಡಬೇಡಿ. ಕ್ಲಾಸಿನಲ್ಲಿ ಯಾರ ಪಕ್ಕ ಕೂರುತ್ತೀ, ಯಾರಾದರೂ ತಮಾಷೆ ಮಾಡ್ತಾರಾ ಅಂತ ಕೇಳಿ. ಎದುರೆದುರು ಕೂತು ವಿಚಾರಣೆ ಬೇಡ, ಅಡಿಕೆ ಸುಲಿಯುವಾಗಲೋ ಬಸ್ಸಿನಲ್ಲೋ ಕೇಳಿದರೆ ಹುಡುಗರು ಬೇಗ ಬಾಯಿ ಬಿಡುತ್ತಾರೆ.

ಆಮೇಲೆ ವಿಡಿಯೋ. ಅದು ನಟನೆ, ನಿಜವಾದ ಸಂಬಂಧದಲ್ಲಿ ಇಬ್ಬರ ಒಪ್ಪಿಗೆಯೂ ಗೌರವವೂ ಬೇಕು ಅಂತ ಹೇಳಿ. ಗೆಳೆಯರೆಲ್ಲ ಅನುಭವಸ್ಥರು ಅಂತ ಈ ವಯಸ್ಸಿನವರು ನಂಬುತ್ತಾರೆ, ಬಹುಪಾಲು ಅದು ಬರೀ ಬಡಾಯಿ. ಅದನ್ನೂ ಹೇಳಿ. 18 ತುಂಬದವರ ಬೆತ್ತಲೆ ಫೋಟೋ ಇಟ್ಟುಕೊಳ್ಳುವುದು, ಕಳಿಸುವುದು ಪೋಕ್ಸೋ ಕಾಯ್ದೆಯಲ್ಲಿ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾನೂನು) ಅಪರಾಧ, ಕಳಿಸಿದವನಿಗೇ 18 ತುಂಬದಿದ್ದರೂ. ಇದು ಅವನಿಗೆ ಸ್ಪಷ್ಟವಾಗಿ ಗೊತ್ತಿರಲಿ. ಫೋನ್ ಕಿತ್ತುಕೊಂಡರೆ ಗ್ರೂಪ್ ಹೋಗುವುದಿಲ್ಲ, ನಿಮ್ಮ ಹತ್ತಿರ ಹೇಳುವುದು ಮಾತ್ರ ನಿಲ್ಲುತ್ತದೆ.

ಊಟ ಬಿಟ್ಟದ್ದು ನನಗೆ ಜಾಸ್ತಿ ಚಿಂತೆ. ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ, ನಿದ್ದೆಯೂ ಕೆಟ್ಟಿದ್ದರೆ ಶಾಲೆಯ ಕೌನ್ಸೆಲರನ್ನೋ ಡಾಕ್ಟರನ್ನೋ ನೋಡಿ. ಸಾಯುವ ಮಾತೇನಾದರೂ ಬಂದರೆ ಒಂದು ದಿನವೂ ಕಾಯಬೇಡಿ, ಈ ಸಹಾಯವಾಣಿಗಳಿಗೆ ಫೋನ್ ಮಾಡಿ: ಟೆಲಿ ಮಾನಸ್ 14416, ಕೇರಳದ ದಿಶಾ 1056. ಎರಡೂ ಉಚಿತ, ರಾತ್ರಿಯೂ ಸಿಗುತ್ತವೆ.

ಅವನ ಅಪ್ಪನಿಗೂ ಹೇಳಿ, ದುಬೈಯಿಂದ ಫೋನ್ ಮಾಡಿದಾಗ ಬರೀ ಮಾರ್ಕ್ಸ್ ಕೇಳುವುದು ಬೇಡ.